ಇಬ್ಬರು ಪೈಲಟರು, ಒಂದೇ ಹುಗ್ಗಿ

ಎರಡು ತಿಂಗಳ ಹಿಂದೆ ಸೋಲಾಪುರದಲ್ಲಿ ಒಬ್ಬ ಹೆಣ್ಣುಮಗಳು ತೀರಿಕೊಂಡರು. ವಯಸ್ಸು ಅರವತ್ತರ ಆಚೀಚೆ. ಸಕ್ಕರೆ ಕಾಯಿಲೆ ಮೊದಲಿಂದ ಇತ್ತು, ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ಊರಿನ ಮರಾಠಿ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂತು. ಧಾನ್ಯ ವ್ಯಾಪಾರಿ ಮನೆತನದ ಸೊಸೆ, ಸುಶೀಲ ಹೆಣ್ಣುಮಗಳು, ಹಿಂದೆ ಉಳಿದವರು ಗಂಡ ಮತ್ತು ಮದುವೆಯಾದ ಮಗಳು. ನಾಲ್ಕು ಸಾಲಿನಲ್ಲಿ ಒಂದೂ ತಪ್ಪಿಲ್ಲ. ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದು ಮಾತ್ರ ಇರಲಿಲ್ಲ.

ಅವರು ಖಾಸಗಿ ಜೆಟ್ ವಿಮಾನಗಳಿಗೆ ಊಟ ಒದಗಿಸುತ್ತಿದ್ದರು.

ಸೋಲಾಪುರಕ್ಕೆ ಇಂಥ ವಿಮಾನಗಳು ಬರುವುದು ಹೊರಗಿನವರಿಗೆ ಆಶ್ಚರ್ಯ ಅನಿಸಬಹುದು. ಸಕ್ಕರೆ ಕಾರ್ಖಾನೆಯವರು, ಮಂತ್ರಿಗಳು, ಅಕ್ಕಲಕೋಟೆಯ ದರ್ಶನಕ್ಕೆ ಬರುವ ಉದ್ಯಮಿಗಳು, ಹೀಗೆ ವಾರಕ್ಕೊಂದಾದರೂ ಇಳಿಯುತ್ತದೆ. ಬೆಳಿಗ್ಗೆ ಬಂದವರು ಸಂಜೆಗೆ ಹಾರುತ್ತಾರೆ. ಹಾರುವಾಗ ಮೇಲೆ ಊಟ ಬೇಕು. ಆ ಊಟ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಿಂದ ಹೋಗುತ್ತಿತ್ತು. ಶೆಡ್ಡಿನ ಒಡತಿಯನ್ನು ಪೈಲಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಮೊದಲ ಭೇಟಿ ವಿಮಾನ ನಿಲ್ದಾಣದ ಗೇಟಿನಲ್ಲಿ. ಮಂತ್ರಿಯೊಬ್ಬರು ಸಭೆ ಮುಗಿಸಿ ಬರುವುದಿತ್ತು, ನಾವು ನಾಲ್ಕು ಜನ ವರದಿಗಾರರು ಬಿಸಿಲಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಎಂಜಿನ್ ಆರಿಸದೆ ನಿಂತ ವ್ಯಾನಿನಿಂದ ಇಳಕಲ್ ಸೀರೆಯ ಹೆಂಗಸೊಬ್ಬರು ತಲೆ ಹೊರಹಾಕಿದರು.

"ಬಾತ್ಮೀದಾರ್ರ, ನಿಮ್ಮ ಮಂತ್ರಿಗೆ ಒಂದು ಫೋನ್ ಹಚ್ಚಿ ಕೇಳ್ರಿ. ಇನ್ನ ಎಷ್ಟ ಹಾರ ಹಾಕಿಸ್ಕೊಳ್ಳಾವ ಅದಾನಂತ."

"ಯಾಕ್ರಿ ಕಾಕು?" ಎಂದು ನಮ್ಮಲ್ಲೊಬ್ಬ ಕೇಳಿದ.

"ಸವತಿಕಾಯಿ ಬಾಡಾಕತ್ತೈತಿ. ಮಂತ್ರಿ ಬಿಸಲಾಗ ಬಾಡೂದಿಲ್ಲ, ಸವತಿಕಾಯಿ ಬಾಡತೈತಿ."

ಪರ್ಸಿನಿಂದ ಪೆನ್ನಿನಂಥದೊಂದು ತೆಗೆದು ಡಬ್ಬಿಯೊಳಗೆ ಚುಚ್ಚಿ ನೋಡಿ, ಒರೆಸಿ, ಮತ್ತೆ ಪರ್ಸಿಗೆ ಹಾಕಿದರು. ಅಡುಗೆಯ ಥರ್ಮಾಮೀಟರ್. ಅದಿಲ್ಲದೆ ಅವರನ್ನು ನಾನು ನೋಡಿದ್ದಿಲ್ಲ. "ತಣ್ಣಂದು ಐದರ ಕೆಳಗ ಇರಬೇಕು, ಬಿಸೀದು ಅರವತ್ತೈದರ ಮ್ಯಾಲ. ನಡುವ ಇದ್ದದ್ದಕ್ಕ ನಾ ಊಟ ಅನ್ನೂದಿಲ್ಲ" ಎನ್ನುತ್ತಿದ್ದರು. ಹಾಗೆ ನಡುವೆ ಸಿಕ್ಕ ಊಟವನ್ನು ಅವರು ಚೆಲ್ಲಿಸಿದ್ದನ್ನು ಎರಡು ಸಲ ಕಂಡಿದ್ದೇನೆ.

ಅವರು ಮಾಂಸದ ಆರ್ಡರ್ ಹಿಡಿಯುತ್ತಿರಲಿಲ್ಲ. ಸಸ್ಯಾಹಾರಿ ಮನೆತನ, ನಿಜ. ಆದರೆ ಅವರು ಕೊಡುತ್ತಿದ್ದ ಕಾರಣ ಅದಲ್ಲ. "ರುಚಿ ನೋಡದ್ದನ್ನ ನಾ ಕಳಸೂದಿಲ್ಲ. ಕೋಳಿ ರುಚಿ ನೋಡಾಕ ನನಗ ಬರೂದಿಲ್ಲ. ಹಾರೂವಾಗ ನನ್ನ ಊಟ ಉಣ್ಣಲಿ, ಇಳದ ಮ್ಯಾಲ ಅವರ ಮರ್ಜಿ." ಯಾರೋ ಸಿನಿಮಾದವನು ಹಸಿ ಮೀನಿನ ಜಪಾನಿ ತಿಂಡಿ ಕೇಳಿದಾಗ ಫೋನಿನಲ್ಲೇ ಉತ್ತರ ಕೊಟ್ಟರು: "ಸಾಹೇಬ, ಇದು ಸೋಲಾಪುರ. ಇಲ್ಲಿಗೆ ಸಮುದ್ರದ ಗಾಳಿನೂ ಬರೂದಿಲ್ಲ, ಮೀನ ಎಲ್ಲಿಂದ ತರ್ಲಿ?" ಕಡೆಗೆ ಅವನಿಗೆ ಹೋದದ್ದು ಕಡಕ್ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮುಂದಿನ ಸಲ ಅದನ್ನೇ ಕೇಳಿದನಂತೆ. ಇದು ಅವರೇ ಹೇಳಿದ್ದು.

ಮೇಲೆ ಹೋದಾಗ ನಾಲಿಗೆ ಮಂದವಾಗುತ್ತದೆ, ಉಪ್ಪು ಖಾರ ತುಸು ಮುಂದಿರಬೇಕು. ಹೊಟ್ಟೆ ಉಬ್ಬುತ್ತದೆ, ಕಡಲೆಬೇಳೆ ಬೇಡ. ಇವೆಲ್ಲ ಅವರು ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ, ಇಳಿದುಬಂದ ಪೈಲಟರನ್ನು ಕೇಳಿ ಕೇಳಿ ತಿಳಿದುಕೊಂಡದ್ದು. ಶೆಡ್ಡಿನಲ್ಲಿ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲ, ಡಬ್ಬಿಯ ಚೀಟಿಗಳೆಲ್ಲ ಮರಾಠಿಯಲ್ಲಿ. ಕಾಕು ಮಾತ್ರ ನಮ್ಮ ಕನ್ನಡ ಪತ್ರಿಕೆ ತರಿಸುತ್ತಿದ್ದರು. ತಪ್ಪು ಕಂಡರೆ ಫೋನ್ ಮಾಡುತ್ತಿದ್ದರು. "ಮೂರು ಮಂದಿ ಸತ್ತಾರಂತ ಮ್ಯಾಲ ಐತಿ, ಕೆಳಗ ನಾಕು ಹೆಸರದಾವ. ನಾಕನೇದಾವ ಬದಕ್ಯಾನೋ ಸತ್ತಾನೋ, ಖರೇ ಹೇಳ್ರಿ." ಅವರ ಗಂಡ ಕಾಳಿನ ಅಂಗಡಿಯವರು, ಮಾತು ಕಡಿಮೆ. ಏನು ಕೇಳಿದರೂ "ಆಕಿನ್ನ ಕೇಳ್ರಿ" ಎನ್ನುತ್ತಿದ್ದರು.

ಶೆಡ್ಡಿನಲ್ಲಿ ನೋಡುವಂಥದ್ದು ಒಂದಿತ್ತು. ನಡುವೆ ದೊಡ್ಡ ಒಲೆಗಳ ಸಾಲು, ಪ್ರಯಾಣಿಕರ ಅಡುಗೆಗೆ. ಅದರಿಂದ ದೂರ, ಪೂರ್ವದ ಗೋಡೆಗೊಂದು, ಪಶ್ಚಿಮದ ಗೋಡೆಗೊಂದು ಸಣ್ಣ ಒಲೆ. ಎರಡೂ ಪೈಲಟರಿಗೆ. ಒಂದರಲ್ಲಿ ಒಬ್ಬ ಪೈಲಟನ ಅಡುಗೆ, ಇನ್ನೊಂದರಲ್ಲಿ ಮತ್ತೊಬ್ಬನದು. ಅಡುಗೆಯವರು ಬೇರೆ, ಪಾತ್ರೆ ಬೇರೆ, ಉಪ್ಪಿನ ಚೀಲವೂ ಬೇರೆ. ಇಬ್ಬರು ಪೈಲಟರು ಒಂದೇ ಅಡುಗೆ ಉಣ್ಣಬಾರದು ಎಂಬುದು ವಿಮಾನದ ಊಟದ ಕೆಲಸದಲ್ಲಿ ಎಲ್ಲರೂ ಬಲ್ಲ ನಿಯಮ. ಕಾಕು ಅದನ್ನು ನನಗೆ ಹೀಗೆ ವಿವರಿಸಿದ್ದರು:

"ಹಿಂದ ಕುಂತವರು ಉಣ್ಣಾವ್ರು. ಮುಂದ ಕುಂತ ಇಬ್ಬರು ಇಳಸಾವ್ರು. ಒಬ್ಬನ ಹೊಟ್ಟಿ ಕೆಟ್ರ ಇನ್ನೊಬ್ಬಂದು ನೆಟ್ಟಗಿರಬೇಕು. ಇಬ್ಬರದೂ ಕೆಟ್ರ ಹಿಂದಿನವರು ಉಂಡದ್ದು ಏನ ಉಪಯೋಗ?"

ಒಮ್ಮೆ ಪೂರ್ವದ ಒಲೆಯ ಸೌಟು ಪಶ್ಚಿಮದ ಪಾತ್ರೆಯಲ್ಲಿ ಸಿಕ್ಕಿತು. ಎರಡೂ ಡಬ್ಬಿಯನ್ನು ನಿಂತ ಕಾಲಲ್ಲಿ ಚೆಲ್ಲಿಸಿ, ಪೈಲಟರಿಗೆ ಬಾಳೆಹಣ್ಣು ಕಳಿಸಿದರು. "ಅದೂ ಬ್ಯಾರೆ ಬ್ಯಾರೆ ಗೊನಿದೇನ್ರಿ?" ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. "ಹೌದು" ಎಂದರು.

ಇಷ್ಟು ಹೇಳಿದ್ದು ಮುಂದಿನದು ಅರ್ಥವಾಗಲಿ ಎಂದು. ಈ ನಿಯಮವನ್ನು ಕಾಕು ಒಂದು ಸಲ ಮುರಿದರು. ಆಮೇಲೆ ಅವರು ಬದುಕಿದ್ದ ಅಷ್ಟೂ ದಿನ ಆ ಒಂದು ಸಲದ ಸುತ್ತ ನಡೆದವು.

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಹೋಗಿ ದೆಹಲಿಯಲ್ಲಿ ಕಾರ್ಖಾನೆ ಕಟ್ಟಿದ ಒಂದು ಮನೆತನವಿದೆ. ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿತ್ತು. ಹೊಲದಲ್ಲಿರುವ ಮನೆದೇವರ ಗುಡಿಗೆ ಕೊನೆಯದಾಗಿ ಒಮ್ಮೆ ಬರಬೇಕು, ನೈವೇದ್ಯಕ್ಕೆ ಗೋಧಿ ಹುಗ್ಗಿ ಆಗಬೇಕು, ಆ ಪ್ರಸಾದವನ್ನು ವಿಮಾನದಲ್ಲಿ ಕೂತವರೆಲ್ಲ ಉಣ್ಣಬೇಕು ಎಂದು ಆಕೆಯ ಆಸೆ. ಅಡುಗೆ ಕಾಕುಗೆ ಬಂತು. ವೈಶಾಖದ ಬಿಸಿಲು.

ನೈವೇದ್ಯದ ಅಡುಗೆಯನ್ನು ಶೆಡ್ಡಿನಲ್ಲಿ ಮಾಡಲಿಲ್ಲ. ಬೆಳಗಿನ ಐದಕ್ಕೆ ಸ್ನಾನ ಮಾಡಿ, ಮನೆಯಲ್ಲಿ, ಅತ್ತೆಯ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಕಾಕು ತಾವೇ ಹುಗ್ಗಿ ಕುದಿಸಿದರು. ಗೋಧಿ, ಬೆಲ್ಲ, ಗಟ್ಟಿ ಹಾಲು. ದೇವರಿಗೆ ಮೀಸಲು, ಆದ್ದರಿಂದ ರುಚಿ ನೋಡಲಿಲ್ಲ. ದೇವರಿಗೆ ಆರಿದ್ದು ಇಡಬಾರದು, ಆದ್ದರಿಂದ ಪಾತ್ರೆಗೆ ಎರಡು ಸೋಲಾಪುರಿ ಚಾದರ ಸುತ್ತಿ ಕಟ್ಟಿದರು. ಹಳ್ಳಿಯಲ್ಲಿ ಅಭಿಷೇಕ, ಆರತಿ, ಬಂಧುಗಳ ಮಾತು ಎಲ್ಲ ಸೇರಿ ಹೊತ್ತು ಏರಿತು. ಪಾತ್ರೆ ಸೋಲಾಪುರದ ವಿಮಾನ ನಿಲ್ದಾಣಕ್ಕೆ ಬಂದಾಗ ಮಧ್ಯಾಹ್ನ ಎರಡೂವರೆ. ಏಳೆಂಟು ತಾಸು ಹಾಲಿನ ಪದಾರ್ಥ ಚಾದರದೊಳಗೆ ಉಗುರುಬೆಚ್ಚಗೆ ಕೂತಿತ್ತು. ಥರ್ಮಾಮೀಟರ್ ಪರ್ಸಿನಲ್ಲೇ ಇತ್ತು.

"ಅದ್ದಾಕ ಕೈ ಬರಲಿಲ್ಲ" ಎಂದು ಆಮೇಲೆ ನನಗೆ ಹೇಳಿದರು. "ದೇವರ ಮುಂದಿಂದ ಬಂದ ಪಾತ್ರಿ. ಅದರಾಗ ಕಡ್ಡಿ ಅದ್ದಿ ನೋಡೂದಂದ್ರ, ದೇವರ, ನಿನ್ನ ಊಟ ಕೆಟ್ಟೈತೇನು ಅಂತ ಕೇಳಿದಂಗ."

ಹಿರಿಯ ತಾಯಿ ಗಾಲಿಕುರ್ಚಿಯಲ್ಲಿ ಕೂತು, ಸಣ್ಣ ಬಟ್ಟಲುಗಳಲ್ಲಿ ತಮ್ಮ ಕೈಯಾರೆ ಎಲ್ಲರಿಗೂ ಹುಗ್ಗಿ ಕೊಟ್ಟರು. ಪೈಲಟರಿಬ್ಬರೂ ಸಾಲಿನಲ್ಲಿದ್ದರು. ದೊಡ್ಡ ಪೈಲಟ್ ಮರಾಠಿಯವರು, ಬಟ್ಟಲನ್ನು ಹಣೆಗೊತ್ತಿಕೊಂಡು ಅಲ್ಲೇ ತಿಂದರು. ಕಿರಿಯವ ಎಲ್ಲಿಯವನೋ, ಬಟ್ಟಲು ಹಿಡಿದುಕೊಂಡು ಕಾಕು ಕಡೆ ನೋಡಿದ. ನಿಯಮ ಅವನಿಗೆ ಗೊತ್ತಿತ್ತು. ಕಾಕುಗೂ ಗೊತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು.

"ತಗೋ ಬೇಟಾ, ದೇವರದು" ಎಂದರು ಕಾಕು. ಅವನು ತಿಂದ.

ಉಳಿದ ಹುಗ್ಗಿಯನ್ನು ಮನೆಗೆ ಒಯ್ದು ನಾಲ್ಕು ಗಂಟೆಗೆ ಗಂಡ ಹೆಂಡತಿ ಉಂಡರು. ಆರಕ್ಕೆ ಇಬ್ಬರಿಗೂ ವಾಂತಿ. ಬಚ್ಚಲ ಬಾಗಿಲಲ್ಲಿ ಕೂತು ಕಾಕು ವಿಮಾನದ ಕಂಪನಿಗೆ ಫೋನ್ ಮಾಡಿದರು. ವಿಮಾನ ದೆಹಲಿ ತಲುಪಿಲ್ಲ, ದಾರಿಯ ಊರೊಂದರಲ್ಲಿ ಇಳಿದಿದೆ ಎಂದಷ್ಟೇ ಅತ್ತಲಿನವರು ಹೇಳಿದರು. ವಿವರ ಸಿಕ್ಕಿದ್ದು ಮರುದಿನ, ದೊಡ್ಡ ಪೈಲಟ್ ಫೋನ್ ಮಾಡಿದಾಗ. ಹಾರಿ ಒಂದು ತಾಸಿಗೆ ಕಿರಿಯವನಿಗೆ ಶುರುವಾಗಿತ್ತು. ಅವನು ಸೀಟಿನಲ್ಲೇ ಬಾಗಿ ವಾಂತಿ ಮಾಡುತ್ತಿರುವಾಗಲೇ ದೊಡ್ಡ ಪೈಲಟರಿಗೂ ವಾಂತಿ ಬಂತು. ಹತ್ತಿರದ ಊರು ಕೇಳಿ ಇಳಿಸಿದರು. "ಕಾಕು, ರನ್‌ವೇ ಕಣ್ಣಿಗೆ ಕಾಣತಿರಲಿಲ್ಲ" ಎಂದರಂತೆ. ವಿಮಾನಕ್ಕೆ ಏನೂ ಆಗಲಿಲ್ಲ. ಹಿಂದೆ ಕೂತ ಏಳು ಜನರಲ್ಲಿ ಐವರು ಕಾಯಿಲೆ ಬಿದ್ದಿದ್ದರು. ಹಿರಿಯ ತಾಯಿ ಆ ಊರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡರು. ವೈದ್ಯರು ವಯಸ್ಸು, ಹೃದಯ ಎಂದು ಬರೆದರು.

ವಾರದ ನಂತರ ಕಾಕು ನಮ್ಮ ಕಚೇರಿಗೆ ಬಂದರು. ಮೆಟ್ಟಿಲು ಹತ್ತಿ ಬಂದದ್ದು ಅದೇ ಮೊದಲು. ನೀರು ಕೊಟ್ಟೆ, ಮುಟ್ಟಲಿಲ್ಲ. ನಡೆದದ್ದನ್ನು ಮೇಲಿನ ಕ್ರಮದಲ್ಲೇ, ಹೊತ್ತು ಸಮೇತ ಹೇಳಿದರು. ನಾನು ಬರೆದುಕೊಂಡೆ. ಕೊನೆಗೆ ಹೇಳಿದರು:

"ಮೂರು ಕಾಯ್ದೆ ನಾನ ನಡಸ್ಕೊಂತ ಬಂದದ್ದು, ಮೂರೂ ನಾನ ಮುರದೆ. ರುಚಿ ನೋಡಲಿಲ್ಲ. ಕಾವು ನೋಡಲಿಲ್ಲ. ಇಬ್ಬರಿಗೂ ಒಂದ ಪಾತ್ರಿದು ಕೊಟ್ಟೆ. ಬರೀರಿ. ಹೆಸರು ಹಾಕ್ರಿ."

"ಹೆಸರು ಹಾಕಿದರೆ ನಿಮ್ಮ ಕೆಲಸ ಹೋಗತದ ಕಾಕು."

"ಅದನ್ನ ನಾ ನೋಡ್ಕೋತೀನಿ. ಇದನ್ನ ಓದಿ ಎಲ್ಲೋ ಒಬ್ಬಾಕಿ ಇಬ್ಬರ ಮುಂದ ಒಂದ ಪಾತ್ರಿ ಇಡೂವಾಗ ಕೈ ಹಿಂದ ತಗೊಂಡ್ರ ಸಾಕು. ಪ್ರಸಾದ ಅಂತ ಯಾರೂ ಬ್ಯಾಡ ಅನ್ನೂದಿಲ್ಲ ನೋಡ್ರಿ. ನಾನ ಅನಲಿಲ್ಲ."

ಸುದ್ದಿಗೆ ಎರಡನೆಯ ಬಾಯಿ ಬೇಕು. ದೊಡ್ಡ ಪೈಲಟ್‌ಗೆ ಫೋನ್ ಮಾಡಿದೆ. ತಮಗೆ ಬಿಸಿಲು ಬಡಿದಿತ್ತು ಎಂದು ಇಟ್ಟುಬಿಟ್ಟರು. ಇಬ್ಬರೂ ಪ್ರಸಾದ ತಿಂದರು ಎಂದು ಒಪ್ಪಿದರೆ ಅವರ ಲೈಸೆನ್ಸಿಗೆ ಕುತ್ತು ಬರುತ್ತಿತ್ತು, ಅದು ನನಗೆ ತಿಳಿಯದ್ದಲ್ಲ. ವಿಮಾನದ ಕಂಪನಿ ಅಂಥ ಘಟನೆ ದಾಖಲಾಗಿಲ್ಲ ಎಂದಿತು. ಹಳ್ಳಿಯ ಜಮೀನು, ಗುಡಿ ನೋಡಿಕೊಳ್ಳುವ ಆ ಮನೆತನದ ಮ್ಯಾನೇಜರ್ ಸಿಟ್ಟಾದ. "ಪ್ರಸಾದ ಬಾಯಾಗ ಇಟ್ಕೊಂಡು ಹೋದ ಜೀವ ಅದು. ಪುಣ್ಯದ ಸಾವು. ಅದಕ್ಕ ನೀವು ಹೊಲಸು ಹಚ್ಚಬ್ಯಾಡ್ರಿ." ಹುಗ್ಗಿಯ ನಮೂನೆ ಇರಲಿಲ್ಲ. ಪ್ರತಿ ಅಡುಗೆಯ ಒಂದು ಡಬ್ಬಿಯನ್ನು ಎರಡು ದಿನ ಫ್ರಿಜ್ಜಿನಲ್ಲಿ ತೆಗೆದಿಡುತ್ತಿದ್ದ ಕಾಕು ಅಂದು ಮೀಸಲಿನಿಂದ ತೆಗೆದಿಟ್ಟಿರಲಿಲ್ಲ. ಅವರ ಗಂಡನನ್ನು ಕೇಳಿದೆ. "ಆಕಿನ್ನ ಕೇಳ್ರಿ" ಎಂದರು.

ನಮ್ಮ ಸಂಪಾದಕರು ಟಿಪ್ಪಣಿ ಓದಿ ತಿರುಗಿ ಕೊಟ್ಟರು. ಒಂದೇ ಬಾಯಿ, ಪುರಾವೆ ಇಲ್ಲ, ಸತ್ತವರ ಮನೆಯವರು ಅಲ್ಲಗಳೆಯುತ್ತಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಕಾಕುಗೆ ಹೋಗಿ ಹೇಳಿದೆ.

"ಕಳವು ಮಾಡಿದಾಕಿನ ಬಂದು ಹೇಳಿದ್ರೂ ನಿಮಗ ಸಾಕ್ಷಿ ಬೇಕೇನ್ರಿ?"

"ಬೇಕು ಕಾಕು."

"ಬರೋಬರ್ ಐತಿ" ಎಂದರು. ಸಿಟ್ಟಿರಲಿಲ್ಲ. "ನಿಮ್ಮ ಕಾಯ್ದೆ ನೀವರ ಉಳಿಸ್ಕೊಂಡ್ರಿ."

ಆ ತಿಂಗಳೇ ಶೆಡ್ಡು ಮುಚ್ಚಿತು. ಅಧಿಕಾರಿಗಳು ಯಾರೂ ಮುಚ್ಚಿಸಲಿಲ್ಲ, ಒಂದು ನೋಟೀಸೂ ಬಂದಿರಲಿಲ್ಲ. ಕಾಕು ವಿಮಾನದ ಕಂಪನಿಗೆ, ಆಹಾರ ಇಲಾಖೆಗೆ ಪತ್ರ ಬರೆದರು. ಕಂಪನಿಯವರು ಇಷ್ಟು ದಿನದ ಸೇವೆಗೆ ಕೃತಜ್ಞತೆ ತಿಳಿಸಿ ಹೂಗುಚ್ಛ ಕಳಿಸಿದರು. ಇಲಾಖೆಯಿಂದ ಉತ್ತರ ಬಂದದ್ದು ನನಗೆ ಗೊತ್ತಿಲ್ಲ. ಅಡುಗೆಯ ಹೆಂಗಸರು ಬೇರೆ ಕಡೆ ಹೋದರು. ಕಾಕು ಮನೆಯಲ್ಲಿ ಕೂತರು. ಸಕ್ಕರೆ ಏರಿತು, ಕಾಲು ಬಾತುಕೊಂಡವು.

ಮರುವರ್ಷ ವೈಶಾಖದಲ್ಲಿ ಅವರಿಗೊಂದು ಸುದ್ದಿ ಬಂತು. ಹಿರಿಯ ತಾಯಿಯ ಪುಣ್ಯತಿಥಿಗೆ ಆ ಮನೆಯವರು ಮತ್ತೆ ವಿಮಾನ ಮಾಡಿಕೊಂಡು ಬರುತ್ತಾರೆ. ತಾಯಿ ಕೊನೆಗೆ ಉಂಡದ್ದೇ ಪ್ರಸಾದ ಆಗಬೇಕು, ಅದೇ ಹುಗ್ಗಿ, ವಿಮಾನದವರೆಲ್ಲ ತಿನ್ನಬೇಕು. ಅಡುಗೆ ಈಗ ಒಂದು ಹೋಟೆಲಿನವರದು. ಕಾಕು ಮ್ಯಾನೇಜರನಿಗೆ ಫೋನ್ ಮಾಡಿ, ಪೈಲಟರಲ್ಲಿ ಒಬ್ಬರಿಗಾದರೂ ಕೊಡಬೇಡಿ ಎಂದರು. ಅವನು ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡ್ರಿ ಕಾಕು. ನೀವು ಹ್ಯಾಂಗ ಮಾಡಿದ್ರಿ ಅಗದಿ ಹಂಗ ಮಾಡಸೀವಿ. ಹಿತ್ತಾಳಿ ಪಾತ್ರಿ, ಮ್ಯಾಲ ಎರಡು ಚಾದರ."

ಅವರ ತಪ್ಪು ಒಂದು ಮನೆಯ ಪದ್ಧತಿಯಾಗಿತ್ತು.

ಆ ದಿನ ಆಟೋ ಮಾಡಿಕೊಂಡು ಕಾಕು ವಿಮಾನ ನಿಲ್ದಾಣಕ್ಕೆ ಹೋದರು. ಒಳಗೆ ಹೋಗುವ ಪಾಸು ಈಗ ಅವರಲ್ಲಿರಲಿಲ್ಲ, ಗೇಟಿನಲ್ಲೇ ನಿಂತರು. ಪ್ರಸಾದ ಹಂಚುವುದೂ ಅಲ್ಲೇ, ಕಾರುಗಳಿಂದ ಇಳಿದ ಕೂಡಲೇ. ಹೊರಬಂದ ಪೈಲಟರಲ್ಲಿ ಒಬ್ಬನಿಗೆ ವಿಷಯ ಹೇಳಿದರು. ಅವನು ಹಿಂದಿಯಲ್ಲಿ ಹೇಳಿದನಂತೆ: ಯಜಮಾನರ ಎದುರು ಅವರ ತಾಯಿಯ ಪ್ರಸಾದ ಬೇಡ ಎಂದರೆ ನಾಳೆಯಿಂದ ನನ್ನನ್ನು ಕರೆಯುವುದಿಲ್ಲ. ಕಾಕು ಅವನ ಬಟ್ಟಲಿಗೆ ಕೈ ಚಾಚಿದರು. ಬೇಡ ಎನ್ನಲು ಬಾರದ ಕಡೆ, ನನಗೆ ಕೊಡು ಎನ್ನಲು ಬರುತ್ತದಲ್ಲ. ಅವನಿಗೂ ಹಗುರಾಯಿತು. ಅವನ ಪಾಲನ್ನು ಕಾಕು ನಿಂತಲ್ಲೇ ತಿಂದರು.

ಅದರ ಮುಂದಿನ ವರ್ಷದ್ದನ್ನು ನಾನೇ ನೋಡಿದ್ದೇನೆ. ಆ ಹೊತ್ತಿಗೆ ಕಾಕು ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆಲ್ಲ, ಸಕ್ಕರೆ ಮುಟ್ಟಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮ್ಯಾನೇಜರ್ ಅವರಿಗಾಗಿ ಪಾತ್ರೆಯಿಂದ ಬೇರೆ ಬಟ್ಟಲು ತುಂಬಿಸಲು ಹೋದ.

"ಅದು ಬ್ಯಾಡ. ಪೈಲಟಂದು ಕೊಡ್ರಿ."

"ಏನ್ ಕಾಕು, ಪೈಲಟನ ಬಟ್ಟಲದಾಗ ತುಪ್ಪ ಜಾಸ್ತಿ ಇರತೈತೇನ?"

"ಹೌದು ಅಂತ ತಿಳ್ಕೋ. ಕೊಡು."

ಬಟ್ಟಲು ಕೈಗೆ ಬಂದ ಮೇಲೆ ಪರ್ಸಿನಿಂದ ಥರ್ಮಾಮೀಟರ್ ತೆಗೆದು ಹುಗ್ಗಿಗೆ ಅದ್ದಿದರು. ನಲವತ್ತೊಂದು. ಮ್ಯಾನೇಜರನ ಮುಖದ ಮುಂದೆ ಹಿಡಿದರು.

"ದೇವರದಕ್ಕ ಜ್ವರ ನೋಡಾಕತ್ತೀರೇನ್ರಿ?" ಎಂದು ಅವನು ನಕ್ಕ. ಸುತ್ತಲಿನವರೂ ನಕ್ಕರು. ಕಾಕು ಥರ್ಮಾಮೀಟರ್ ಒರೆಸಿಟ್ಟು ಎರಡು ಬೆರಳಲ್ಲಿ ಹುಗ್ಗಿ ತಿಂದರು, ತಳ ಕಾಣುವವರೆಗೆ. ತಿನ್ನುವಾಗ ಇನ್ನೊಬ್ಬ ಪೈಲಟನ ಕಡೆ ನೋಡುತ್ತಿದ್ದರು. ಅವನು ತಿನ್ನುತ್ತಿದ್ದ.

ವಿಮಾನ ಹಾರಿತು. ಮನೆಗೆ ಬಿಡುತ್ತೇನೆ ಎಂದೆ, ಬರಲಿಲ್ಲ. ಕಾವಲುಗಾರನ ಕುರ್ಚಿಯಲ್ಲಿ ಕೂತರು. ಈ ಸಲ ತಮಗೆ ವಾಂತಿ ಶುರುವಾದರೆ ಮೇಲೆ ಹಾರುತ್ತಿರುವ ಪೈಲಟರಿಗೆ ಸುದ್ದಿ ಮುಟ್ಟಿಸಬಹುದು, ಮುಟ್ಟಿಸಲಾಗದಿದ್ದರೂ ತಿಂದವನ ಪಕ್ಕದಲ್ಲಿ ತಿನ್ನದವನೊಬ್ಬ ಇದ್ದಾನೆ ಎಂದರು. ಎರಡೂಕಾಲು ತಾಸು ಕೂತಿದ್ದರು. ದೆಹಲಿಯಲ್ಲಿ ಇಳಿಯಿತು ಎಂದು ಕಾವಲುಗಾರ ಒಳಗೆ ಕೇಳಿಕೊಂಡು ಬಂದು ಹೇಳಿದ ಮೇಲೆ ಎದ್ದರು. ಆ ವಾರ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹುಗ್ಗಿ ಕೆಟ್ಟಿರಲಿಲ್ಲ. ಸಕ್ಕರೆ ಮಿತಿಮೀರಿ ಏರಿತ್ತು.

ಈ ವರ್ಷದ ಪುಣ್ಯತಿಥಿ ಹೋದ ವಾರ ಆಯಿತು. ನಾನು ಮುಂಚೆಯೇ ಮ್ಯಾನೇಜರನಿಗೆ ಫೋನ್ ಮಾಡಬೇಕಿತ್ತು. ಚುನಾವಣೆಯ ಸಭೆಯೊಂದಿತ್ತು, ನೆನಪಾಗಿ ಫೋನ್ ಮಾಡಿದ್ದು ಮರುದಿನ. ವಿಮಾನ ಸುಖವಾಗಿ ಇಳಿದಿದೆ ಎಂದು ಹೇಳಿದ. ಆಮೇಲೆ ಅವನೇ ಕಾಕು ಮಾತು ತೆಗೆದ.

"ತೀರಿಕೊಂಡದ್ದು ನಮಗ ಗೊತ್ತ ಇರಲಿಲ್ರಿ. ಭಾಳ ಭಕ್ತಿವಂತ್ರು. ಅಂಥಾ ಬಾತ ಕಾಲು ಇಟ್ಕೊಂಡು ವರ್ಷಾ ಬಂದು ಪ್ರಸಾದ ತಿಂದ ಹೋಗತಿದ್ರು. ಈ ಸಲನೂ ಅವರ ಪಾಲು ತೆಗದಿಟ್ಟು ಗೇಟಿನ್ಯಾಗ ಹಾದಿ ನೋಡಿದ್ವಿ. ಆಮ್ಯಾಲ ವಾಚ್‌ಮನ್ ಹೇಳಿದ, ಕಾಕು ಹೋಗ್ಯಾರಂತ. ದೇವರದು, ಚೆಲ್ಲಾಕ ಬರೂದಿಲ್ಲಲ್ರಿ. ಅದಕ್ಕ ತಿನ್ನದ ನಿಂತಿದ್ದ ಇನ್ನೊಬ್ಬ ಪೈಲಟ್‌ಗ ಕೊಟ್ಟಬಿಟ್ಟೆ."